ಕಾರ್ಡಿನಲ್ಲಿ ಇಲ್ಲದ್ದು

ಮಣಿಪಾಲದಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಒಬ್ಬ ಟೀಚರು ತಮ್ಮ ವಿದ್ಯಾರ್ಥಿಗಳಿಗೆ ಮೊದಲ ದಿನ ಹೇಳುತ್ತಿದ್ದ ಪಾಠ ಹೊಟ್ಟೆಯದ್ದು. "ಏನಾದರೂ ತಿಂದು ಹೋಗಿ. ಹಸಿವಾದರೆ ನಾವು ಜನರನ್ನು ಬೇಗ ನಂಬುತ್ತೇವೆ." ಅವರ ಚೀಲದಲ್ಲಿ ಯಾವಾಗಲೂ ನೆಲಗಡಲೆ ಚಿಕ್ಕಿ ಇರುತ್ತಿತ್ತು. ಯಾರನ್ನಾದರೂ ಮಾತಾಡಿಸಿ ಬರೆದುಕೊಂಡು ಬರಲು ಹೊರಟ ಹುಡುಗ ಹುಡುಗಿಯರ ಕೈಗೆ ಒಂದೊಂದು ತುಂಡು ಕೊಟ್ಟು, ಅವರು ಅಗಿದು ನುಂಗುವವರೆಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅದು ಅವರ ಒಂದು ತಮಾಷೆ ಎಂದು ನಾನು ಎಣಿಸಿದ್ದೆ. ಆ ಪಾಠ ಶುರುವಾದದ್ದು ನನ್ನಿಂದ ಎಂದು ತಿಳಿಯಲು ಬಹಳ ವರ್ಷ ಹಿಡಿಯಿತು.

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ವಯಸ್ಸು ಐವತ್ತು ಆಗಿರಲಿಲ್ಲ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರಿಗೆ ಒಂದು ಕತೆ ಅಂಟಿಕೊಂಡಿತ್ತು. ಅಂಟಿಸಿದವನು ನಾನು. ಎರಡನ್ನೂ ಮತ್ತೊಮ್ಮೆ ಒಟ್ಟಿಗೆ ಅಚ್ಚು ಮಾಡಿಸಲು ಮನಸ್ಸಿಲ್ಲ. ತಿಳಿದವರಿಗೆ ಯಾರೆಂದು ತಿಳಿಯುತ್ತದೆ.

ನನ್ನ ವಿದ್ಯೆ ಎಸ್ಸೆಸ್ಸೆಲ್ಸಿ. ಕಾಪು ಪೇಟೆಯಲ್ಲಿ ಪೇಪರ್ ಏಜೆನ್ಸಿ ಇತ್ತು, ಜೊತೆಗೆ ಪೆನ್ನು ಪುಸ್ತಕದ ಅಂಗಡಿ. ಮಾರುವ ಪೇಪರಿಗೆ ಸುದ್ದಿಯನ್ನೂ ಕೊಡಬಹುದಲ್ಲ ಎಂದು ಪತ್ರಿಕೆಯವರು ಕೇಳಿದರು, ಒಪ್ಪಿದೆ. ಹಾಗೆ ನಾನು ಕಾಪುವಿನ ಬಾತ್ಮೀದಾರನಾದೆ. ಮೂವತ್ತು ವರ್ಷ ಸುದ್ದಿ ಕೊಟ್ಟೆ. ಬೈಕಿನ ಮೇಲೆ ಪ್ರೆಸ್ ಎಂದು ಸ್ಟಿಕ್ಕರ್ ಇತ್ತು. ಅದನ್ನು ಬಿಟ್ಟರೆ ನನಗೆ ಬೇರೆ ಪದವಿ ಇರಲಿಲ್ಲ.

ಅವರು ಕಾರ್ಕಳದ ಕಡೆಯವರು. ಮನೆ ಮಾತು ಕೊಂಕಣಿ. ಅಪ್ಪ ಕುವೈತಿನಲ್ಲಿ ದುಡಿದು, ಮಗಳು ನರ್ಸಿಂಗ್ ಕಲಿಯಲಿ ಎಂದು ಬಯಸಿದ್ದರಂತೆ. ಮಗಳು ಮಣಿಪಾಲಕ್ಕೆ ಹೋಗಿ ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿದರು. ಊರಿನಲ್ಲಿ ಎಲ್ಲರೂ, "ಟೀವಿಯಲ್ಲಿ ಯಾವಾಗ ಬರುವುದು?" ಎಂದು ಕೇಳುತ್ತಿದ್ದರಂತೆ. ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ನಮ್ಮ ಪತ್ರಿಕೆಯ ಉಡುಪಿ ಕಚೇರಿಗೆ ಅವರು ತರಬೇತಿಯ ವರದಿಗಾರ್ತಿಯಾಗಿ ಬಂದಾಗ ಕಚೇರಿಯ ಮುಖ್ಯಸ್ಥರು ಅವರಿಗೆ ಒಂದು ಕೆಲಸ ಕೊಟ್ಟರು. ಊರೂರಿನ ಬಾತ್ಮೀದಾರರು ಸಂಜೆ ಫೋನ್ ಮಾಡಿ ಹೇಳುವ ಸುದ್ದಿಯನ್ನು ಬರೆದುಕೊಳ್ಳುವುದು. ಚಿನ್ನದ ಪದಕ ಪಡೆದವರಿಗೆ ನನ್ನಂಥವರ ಬಾಯಿಂದ ಉಕ್ತಲೇಖನ.

ಆಗ ನಾನು ಅವರನ್ನು "ಆ ಹುಡುಗಿ" ಎನ್ನುತ್ತಿದ್ದೆ. ಈಗ ಬರೆಯುವಾಗ ಏಕವಚನ ಬರುವುದಿಲ್ಲ.

ಒಮ್ಮೆ ಕಚೇರಿಯಲ್ಲಿ ನಾನು ಕೇಳಿದೆ, "ನಿಮ್ಮ ಜೊತೆ ಕಲಿತವರೆಲ್ಲ ಯಾವ ಪೇಪರಿನಲ್ಲಿ ಇದ್ದಾರೆ?"

ಅವರು ಕನ್ನಡಕವನ್ನು ಬೆರಳಿನಿಂದ ಮೂಗಿನ ಮೇಲಕ್ಕೆ ಒತ್ತಿದರು. ಅದು ಅವರ ಅಭ್ಯಾಸ, ಉತ್ತರಕ್ಕೆ ಮೊದಲು ಒಂದು ಸಲ ಒತ್ತುವುದು. "ಒಬ್ಬಳು ವಿಮಾನ ಕಂಪೆನಿಯಲ್ಲಿದ್ದಾಳೆ. ವಿಮಾನ ತಡವಾದರೆ ಯಾಕೆ ತಡವಾಗಲಿಲ್ಲ ಎಂದು ಬರೆಯುತ್ತಾಳೆ. ಒಬ್ಬ ದುಬಾಯಿಯಲ್ಲಿ ಚಿನ್ನದ ಅಂಗಡಿಯ ಜಾಹೀರಾತು ಮಾಡುತ್ತಾನೆ. ಇಬ್ಬರು ಬೆಂಗಳೂರಿನಲ್ಲಿ ಒಬ್ಬ ಮಂತ್ರಿಯ ಭಾಷಣ ಬರೆಯುತ್ತಾರೆ. ಒಬ್ಬಳು ಮದುವೆಯಾದಳು."

"ಪೇಪರಿಗೆ?"

"ಪೇಪರಿಗೆ ಬಂದದ್ದು ನಾನು ಮಾತ್ರ. ಉಳಿದವರೆಲ್ಲ ಪಾಸಾದರು."

ನಗದೆ ಹೇಳಿದರು. ನಗಬೇಕೋ ಬೇಡವೋ ಎಂದು ನನಗೆ ಗೊತ್ತಾಗಲಿಲ್ಲ. ಮುಂದೆಯೂ ಅವರ ಮಾತಿಗೆ ನಾನು ನಕ್ಕದ್ದು ಹೆಚ್ಚಾಗಿ ಮನೆಗೆ ಬಂದ ಮೇಲೆ.

ಫೋನಿನಲ್ಲಿ ಸುದ್ದಿ ಹೇಳಿ ಮುಗಿಸಿದ ಕೂಡಲೇ ಅವರ ಒಂದು ಪ್ರಶ್ನೆ ಇರುತ್ತಿತ್ತು: "ನೀವು ನೋಡಿದ್ದೀರಾ?" ಜಗಳಕ್ಕೆ ಬಂದ ಹಾಗೆ ಅಲ್ಲ. ಕಾಫಿ ಆಯ್ತಾ ಎಂದು ಕೇಳುತ್ತೇವಲ್ಲ, ಹಾಗೆ. ಒಂದು ಸಲ ಹೆಜಮಾಡಿಯ ಹತ್ತಿರ ಸಮುದ್ರದಲ್ಲಿ ದೋಣಿ ಮಗುಚಿದ ಸುದ್ದಿ ಹೇಳಿದೆ.

"ನೀವು ನೋಡಿದ್ದೀರಾ?"

"ನೋಡಲಿಕ್ಕೆ ನಾನೆಂತ ಮೀನಾ ಮಾರಾಯ್ತಿ?"

"ಹಾಗಾದರೆ ಮೀನು ಹಿಡಿಯಲು ಹೋದವರ ಫೋನ್ ನಂಬರು ಕೊಡಿ."

ಕೊಡಬೇಕಾಯಿತು. ಅವರು ಆ ರಾತ್ರಿಯೇ ದೋಣಿಯವರ ಮನೆಗೆ ಫೋನ್ ಮಾಡಿ ಮಾತಾಡಿದ್ದರು. ನಾನು ಕಾಣೆಯಾಗಿದ್ದಾರೆ ಎಂದು ಹೇಳಿದ್ದ ಒಬ್ಬರು ಮನೆಯಲ್ಲಿ ಗಂಜಿ ಉಣ್ಣುತ್ತಿದ್ದರು. ಮರುದಿನ ಸುದ್ದಿ ಸರಿಯಾಗಿ ಬಂತು. ನನಗೆ ಸಂತೋಷ ಆಗಲಿಲ್ಲ.

ಈಗ ನಮ್ಮ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮ ಕರಾವಳಿಯ ಪೇಪರ್ ಓದುವವರಿಗೆ ಗೊತ್ತುಂಟು, ಇಲ್ಲಿ ಕಾರ್ಯಕ್ರಮಗಳಿಗೆ ಕೊರತೆ ಇಲ್ಲ. ಯುವಕ ಮಂಡಲದ ವಾರ್ಷಿಕೋತ್ಸವ, ಭಜನಾ ಮಂಡಳಿಯ ಸುವರ್ಣ ಮಹೋತ್ಸವ, ಶಾಲೆಗೆ ಗಲ್ಫಿನವರು ಕೊಟ್ಟ ಕಪಾಟಿನ ಉದ್ಘಾಟನೆ. ಪ್ರತಿಯೊಂದಕ್ಕೂ ಆಮಂತ್ರಣ ಪತ್ರಿಕೆ ಉಂಟು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಎಲ್ಲರ ಹೆಸರೂ ಅದರಲ್ಲಿ ಇರುತ್ತದೆ. ಸ್ವಾಗತಿಸುವವರು ಯಾರು, ವಂದಿಸುವವರು ಯಾರು, ನಿರೂಪಿಸುವವರು ಯಾರು ಎಂದೂ ಇರುತ್ತದೆ. ಮರುದಿನದ ಸುದ್ದಿ ಅಂದರೆ ಇದೇ ಕಾರ್ಡು. ಬೇರೆ ಏನು ಬಿಟ್ಟರೂ ವಂದಿಸಿದವರ ಹೆಸರು ಬಿಡಬಾರದು. ಒಮ್ಮೆ ಬಿಟ್ಟದ್ದಕ್ಕೆ ಒಬ್ಬರು ನನ್ನ ಅಂಗಡಿಯಿಂದ ಪೇಪರ್ ತರಿಸುವುದನ್ನೇ ನಿಲ್ಲಿಸಿದರು.

ಒಂದು ಸಂಜೆಗೆ ನಾಲ್ಕೈದು ಕಾರ್ಯಕ್ರಮ ಇದ್ದರೆ ಎಲ್ಲ ಕಡೆ ಹೋಗುವುದು ಹೇಗೆ? ಆದ್ದರಿಂದ ನಾವು ಬಾತ್ಮೀದಾರರು ಕಾರ್ಡು ನೋಡಿ ಮಧ್ಯಾಹ್ನವೇ ಸುದ್ದಿ ಬರೆದಿಡುತ್ತಿದ್ದೆವು. ಮೀನು ಬರುವ ಮೊದಲೇ ಮಸಾಲೆ ಅರೆದಿಡುವುದಿಲ್ಲವೇ? ಭಾಷಣವೂ ಕಷ್ಟ ಇಲ್ಲ. ಅಧ್ಯಕ್ಷರು ವೈದ್ಯರಾದರೆ ಆರೋಗ್ಯವೇ ಭಾಗ್ಯ ಎನ್ನುತ್ತಾರೆ. ಉದ್ಯಮಿಯಾದರೆ ಪರಿಶ್ರಮ. ರಾಜಕೀಯದವರಾದರೆ ಅನುದಾನ. ನಿವೃತ್ತ ಶಿಕ್ಷಕರಾದರೆ ಯುವಜನರು ಸಮಯಪಾಲನೆ ಕಲಿಯಬೇಕು. ಮೂವತ್ತು ವರ್ಷದಲ್ಲಿ ಯಾರೂ, ನಾನು ಹಾಗೆ ಹೇಳಲಿಲ್ಲ ಎಂದು ತಕರಾರು ಮಾಡಿದ್ದಿಲ್ಲ. ಕೆಲವರು, "ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹಾಕಿದ್ದೀರಿ" ಎಂದು ಹೊಗಳಿದ್ದೂ ಉಂಟು.

ಇದನ್ನು ನಾನು ಸುಳ್ಳು ಎಂದು ತಿಳಿದಿರಲಿಲ್ಲ. ಅನುಕೂಲ ಎಂದು ತಿಳಿದಿದ್ದೆ.

ಕಾಪುವಿನ ಒಂದು ಯುವಕ ಮಂಡಲದ ವಾರ್ಷಿಕೋತ್ಸವ ಇತ್ತು. ಸಂಜೆ ಆರಕ್ಕೆ. ಅಧ್ಯಕ್ಷತೆ ಎಲ್ಲೂರಿನ ಒಬ್ಬ ನಿವೃತ್ತ ಮೇಷ್ಟ್ರದ್ದು. ಎಲ್ಲರಿಗೂ ಬೇಕಾದವರು. ಆ ಸಂಜೆ ನಾನು ಹೆಜಮಾಡಿಯ ಒಂದು ಮನೆಯಲ್ಲಿದ್ದೆ. ಆ ಮನೆಯಲ್ಲಿ ಫೋನು ಇತ್ತು. ಬರೆದಿಟ್ಟ ಚೀಟಿ ಕಿಸೆಯಲ್ಲಿತ್ತು. ಏಳೂವರೆ ಹೊತ್ತಿಗೆ ಉಡುಪಿಗೆ ಫೋನ್ ಮಾಡಿ ಹೇಳಿದೆ. ಮೇಷ್ಟ್ರು ಅಧ್ಯಕ್ಷತೆ ವಹಿಸಿ, ಯುವಜನರು ಸಮಯಪಾಲನೆ ಕಲಿಯಬೇಕು ಎಂದರು. ಇಂಥವರು ಸ್ವಾಗತಿಸಿದರು. ಇಂಥವರು ವಂದಿಸಿದರು.

"ನೀವು ನೋಡಿದ್ದೀರಾ?"

ಹೌದು ಎಂದೆ.

ಮೇಷ್ಟ್ರು ಆ ಮಧ್ಯಾಹ್ನ ಮೂರೂವರೆಗೆ ಮನೆಯಲ್ಲಿ ಎದೆನೋವು ಬಂದು ತೀರಿಕೊಂಡಿದ್ದರು. ಯುವಕ ಮಂಡಲದವರು ಕಾರ್ಯಕ್ರಮ ರದ್ದು ಮಾಡಿ ಎಲ್ಲೂರಿಗೆ ಹೋಗಿದ್ದರು. ಪತ್ರಿಕೆಯ ಕಚೇರಿಯಲ್ಲಿ ನಿಧನದ ಸುದ್ದಿ ನೋಡಿಕೊಳ್ಳುವವರು ಬೇರೆ, ಊರಿನ ಸುದ್ದಿ ನೋಡಿಕೊಳ್ಳುವವರು ಬೇರೆ. ಮನೆಯವರು ಕೊಟ್ಟ ನಿಧನದ ಸುದ್ದಿ ಫೋಟೋ ಸಮೇತ ಮೂರನೆಯ ಪುಟದ ಮೇಲೆ ಬಂತು. ಅದೇ ಪುಟದ ಕೆಳಗೆ ಅವರು ಸಂಜೆ ಆರಕ್ಕೆ ಅಧ್ಯಕ್ಷತೆ ವಹಿಸಿ ಸಮಯಪಾಲನೆಯ ಬಗ್ಗೆ ಮಾತಾಡಿದ್ದರು.

ಬೆಳಿಗ್ಗೆ ನಾನೇ ಆ ಪೇಪರನ್ನು ಮನೆ ಮನೆಗೆ ಕಳಿಸಿದೆ. ಒಂಬತ್ತು ಗಂಟೆಗೆ ಮುಖ್ಯಸ್ಥರ ಫೋನ್ ಬಂತು, ಉಡುಪಿಗೆ ಬನ್ನಿ ಎಂದು. ಹೋದಾಗ ಮೇಷ್ಟ್ರ ಮಗಳು ಕುಳಿತಿದ್ದರು. ಎದುರಿಗೆ ಅವರು, ಆ ತರಬೇತಿಯ ಹುಡುಗಿ, ನಿಂತಿದ್ದರು.

ಮೇಷ್ಟ್ರ ಮಗಳು ಜೋರು ಮಾಡಲಿಲ್ಲ. "ಸತ್ತ ಮೇಲೆ ಭಾಷಣ ಮಾಡಿಸಿದಿರಿ, ಅದು ಇರಲಿ ಸರ್" ಎಂದರು. "ನಮ್ಮ ಅಪ್ಪ ಸಮಯಪಾಲನೆ ಅಂತ ಯಾವತ್ತೂ ಹೇಳಿದವರಲ್ಲ. ಜೀವಮಾನದಲ್ಲಿ ಒಂದು ಕಡೆಗೂ ಸಮಯಕ್ಕೆ ಹೋದವರಲ್ಲ. ಶಾಲೆಗೆ ತಡವಾಗಿ ಬಂದ ಮಕ್ಕಳಿಗೆ ಒಂದು ಮಾತೂ ಹೇಳುತ್ತಿರಲಿಲ್ಲ. ಅವರ ಕೊನೆಯ ಮಾತು ಅಂತ ಊರಿಡೀ ಇದನ್ನು ಓದಿದರಲ್ಲ." ಆಮೇಲೆ ಅತ್ತರು.

ಮೇಷ್ಟ್ರ ಮಗಳು ಹೋದ ಮೇಲೆ ಮುಖ್ಯಸ್ಥರು ನನ್ನನ್ನು ಕೇಳಿದರು, "ಇದು ನೀವು ಕೊಟ್ಟದ್ದಾ?"

ಆ ಕಾಲದಲ್ಲಿ ವಾಟ್ಸಾಪ್ ಇರಲಿಲ್ಲ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತಿತ್ತು. ನನ್ನಂಥವರಿಗೆ ಅದು ಒಳ್ಳೆಯ ಕಾಲ.

ನಾನು ಹೇಳಿದೆ, "ನಾನು ಕೊಟ್ಟದ್ದಲ್ಲ ಸರ್. ಕಾರ್ಡು ಆಫೀಸಿಗೂ ಬಂದಿತ್ತು ಅಲ್ವಾ?"

ಎರಡನೆಯ ವಾಕ್ಯ ಸತ್ಯ. ಕಾರ್ಡು ಆ ತರಬೇತಿಯ ವರದಿಗಾರ್ತಿಯ ಮೇಜಿನ ಮೇಲೆಯೇ ಇತ್ತು. ಮುಖ್ಯಸ್ಥರು ಆ ಕಾರ್ಡನ್ನು ನೋಡಿದರು, ಮತ್ತೆ ಅವರನ್ನು ನೋಡಿದರು. ಅವರು ಕನ್ನಡಕ ಒತ್ತಿದರು. ನನ್ನ ಮುಖವನ್ನು, ಗೋಡೆಯ ಗಡಿಯಾರ ನೋಡುವ ಹಾಗೆ, ಎಷ್ಟಾಯಿತು ಎಂದು ತಿಳಿಯಲು ಮಾತ್ರ ನೋಡಿದರು. ಮತ್ತೆ ಹೇಳಿದರು, "ನಾನು ನೋಡಿರಲಿಲ್ಲ ಸರ್. ನೋಡದೆ ಹಾಕಿದೆ."

ಅಷ್ಟೇ. ನನ್ನ ಹೆಸರು ಅವರ ಬಾಯಲ್ಲಿ ಬರಲಿಲ್ಲ. ತಿಂಗಳ ಕೊನೆಗೆ ಅವರ ತರಬೇತಿಯ ಅವಧಿ ಮುಗಿದಿದೆ ಎಂದು ಹೇಳಿ ಕಳಿಸಿದರು. ನಾನು ಮತ್ತೂ ಬಹಳ ವರ್ಷ ಬಾತ್ಮೀದಾರನಾಗಿಯೇ ಇದ್ದೆ. ಪ್ರೆಸ್ ಸ್ಟಿಕ್ಕರ್ ಮಳೆಗೆ ಹಾಳಾದಾಗ ಹೊಸದು ಅಂಟಿಸಿದೆ.

ಉಡುಪಿಯ ಪತ್ರಕರ್ತರಲ್ಲಿ ಮಾತ್ರ ಅವರಿಗೆ ಒಂದು ಹೆಸರು ಉಳಿಯಿತು. ಸತ್ತವರಿಂದ ಭಾಷಣ ಮಾಡಿಸಿದವಳು. ಚಹಾ ಕುಡಿಯುವಾಗ ಹೊಸಬರಿಗೆ ಹೇಳಲು ಒಳ್ಳೆಯ ಕತೆ. "ಮಣಿಪಾಲದಲ್ಲಿ ಎಂ.ಎ. ಮಾಡಿದ್ದು ಮಾರಾಯ್ರೆ, ಸ್ಮಶಾನದಿಂದಲೂ ವರದಿ ತರ್ತಾರೆ" ಎಂದು ಒಬ್ಬರು ಸೇರಿಸಿದರು. ನಾನೂ ಅಲ್ಲಿ ಕುಳಿತು ಚಹಾ ಕುಡಿದಿದ್ದೇನೆ. ನಕ್ಕಿದ್ದೇನೆ ಕೂಡ. ಇದನ್ನು ಬರೆಯದೆ ಬಿಡಬಹುದಿತ್ತು.

ಆಮೇಲೆ ಅವರು ಬೆಂಗಳೂರಿಗೆ ಹೋಗಿ ಒಂದು ಟೀವಿಯಲ್ಲಿ ಕೆಳಗೆ ಓಡುವ ಸಾಲು ಬರೆದರಂತೆ. "ಊರಿನವರು ಕೇಳುತ್ತಿದ್ದರಲ್ಲ, ಟೀವಿಯಲ್ಲಿ ಬಂದೆ. ಸುದ್ದಿ ಓದುವವರ ಕುತ್ತಿಗೆಯ ಕೆಳಗೆ ಬಂದೆ" ಎಂದು ಮುಂದೆ ಒಮ್ಮೆ ಹೇಳಿದರು. ಅಲ್ಲಿಂದ ಒಂದು ಆಸ್ಪತ್ರೆಯ ಮಾಸಪತ್ರಿಕೆಗೆ ಸೇರಿದರು. "ಒಳ್ಳೆಯ ಪತ್ರಿಕೆ. ಅದರಲ್ಲಿ ಯಾರೂ ಸಾಯುವುದಿಲ್ಲ." ನಡುವೆ ಪರೀಕ್ಷೆಗಳನ್ನು ಬರೆದು, ಕೊನೆಗೆ ತಾವು ಕಲಿತ ಕಡೆಗೇ ಕಲಿಸಲು ಬಂದರು.

ಒಂದು ದಿನ ಬೆಳಿಗ್ಗೆ ನನ್ನ ಅಂಗಡಿಯ ಎದುರು ಮಣಿಪಾಲದ ಬಸ್ಸು ನಿಂತಿತು. ಅವರು ಇಳಿದರು. ಹಿಂದಿನಿಂದ ಒಂದು ತರಗತಿಯೇ ಇಳಿಯಿತು. ನನ್ನ ಕೈಯಲ್ಲಿದ್ದ ಪೇಪರ್ ಕಟ್ಟು ಕೆಳಗೆ ಬಿತ್ತು. ಹೇಳಲು ಬಂದಿದ್ದಾರೆ, ಸಾಕ್ಷಿಗೆ ಮಕ್ಕಳನ್ನೂ ಕರೆತಂದಿದ್ದಾರೆ ಎಂದು ತಿಳಿದೆ.

ಅವರು ಮಕ್ಕಳಿಗೆ ಹೇಳಿದರು, "ಇವರು ಕಾಪುವಿನ ಬಾತ್ಮೀದಾರರು. ತುಂಬಾ ವರ್ಷದ ಅನುಭವ ಉಂಟು. ಸುದ್ದಿ ಹೇಗೆ ಕೊಡುತ್ತಾರೆ ಎಂದು ಕೇಳಿ." ಹೇಳಿ, ಅಂಗಡಿಯ ಹಿಂದಿನ ಬೆಂಚಿಗೆ ಹೋಗಿ ಕುಳಿತರು. ಚಪ್ಪಲಿಯನ್ನು ಬೆಂಚಿನ ಕೆಳಗೆ ಬಿಟ್ಟು ಕಾಲು ಮೇಲೆ ಮಡಚಿಕೊಂಡರು.

ನಾನು ಪತ್ರಿಕಾಧರ್ಮದ ಬಗ್ಗೆ ಮಾತಾಡಿದೆ. ಸತ್ಯ, ನಿಷ್ಠೆ ಎಲ್ಲ ಬಂತು. ಕಾರ್ಡಿನಿಂದಲೇ ಬರೆದ ಹಾಗೆ ಇತ್ತು.

ಒಬ್ಬ ಹುಡುಗ ಕೇಳಿದ, "ಸರ್, ಈ ಫೀಲ್ಡಿನಲ್ಲಿ ಸ್ಕೋಪ್ ಉಂಟಾ?"

"ಉಂಟು" ಎಂದೆ.

ಹಿಂದಿನಿಂದ ಅವರ ಧ್ವನಿ ಬಂತು, "ನೀವು ನೋಡಿದ್ದೀರಾ?"

ಎಲ್ಲರೂ ನಕ್ಕರು. ಅವರ ತರಗತಿಯಲ್ಲಿ ಅದು ದಿನಾ ಕೇಳುವ ಮಾತು ಎಂದು ನನಗೆ ಆಗ ಗೊತ್ತಾಯಿತು.

ಅಂದಿನಿಂದ ಪ್ರತಿ ವರ್ಷ ಬರುತ್ತಿದ್ದರು. ಪ್ರತಿ ವರ್ಷ ನಾನು, ಈ ಸಲ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ಅವರು ಹೇಳುತ್ತಿರಲಿಲ್ಲ. ಹೋಗುವಾಗ ಒಂದು ತುಂಡು ಚಿಕ್ಕಿ ಕೊಡುತ್ತಿದ್ದರು, ನಾನು ತಿನ್ನುತ್ತಿದ್ದೆ.

ಮಕ್ಕಳಿಗೆ ಅವರು ಕೊಡುತ್ತಿದ್ದ ಅಭ್ಯಾಸ ಒಂದು ಉಂಟು. ಊರಿನ ಯಾವುದಾದರೂ ಕಾರ್ಯಕ್ರಮದ ಕಾರ್ಡನ್ನು ಕೈಗೆ ಕೊಟ್ಟು, "ಹೋಗಿ. ಇದರಲ್ಲಿ ಇಲ್ಲದ್ದು ಒಂದನ್ನು ತನ್ನಿ" ಎನ್ನುವುದು. ಮಕ್ಕಳು ಸಂಜೆ ಕಾಪುವಿನಲ್ಲಿ ನನ್ನ ಅಂಗಡಿಯ ಮುಂದೆಯೇ ತಂದದ್ದನ್ನು ಹೇಳುತ್ತಿದ್ದರು. ಮುಖ್ಯ ಅತಿಥಿಗಳು ಬೇರೆಯವರ ಚಪ್ಪಲಿ ಹಾಕಿಕೊಂಡು ಹೋದರು. ನೆನಪಿನ ಕಾಣಿಕೆ ಒಂದು ಕಡಿಮೆ ಬಿದ್ದು, ಸ್ವಾಗತಿಸಿದವರಿಗೆ ಕೊಟ್ಟದ್ದನ್ನು ಹಿಂದಿನಿಂದ ಇಸಿದುಕೊಂಡು ವಂದಿಸಿದವರಿಗೆ ಕೊಟ್ಟರು. ಪರಿಸರದ ಬಗ್ಗೆ ಭಾಷಣ ಮಾಡಿದವರ ಕಾರು ಎರಡು ಗಂಟೆ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು, ಒಳಗೆ ಡ್ರೈವರ್ ನಿದ್ದೆ ಮಾಡುತ್ತಿದ್ದ. ಅವರು ಎಲ್ಲವನ್ನೂ ಒಂದೇ ಮುಖದಲ್ಲಿ ಕೇಳಿ, "ನೋಡಿದ್ದು. ಸರಿ" ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರಲ್ಲಿ ಇರಲಿಲ್ಲ.

ಒಬ್ಬ ಹುಡುಗಿ ಏನೂ ಸಿಗಲಿಲ್ಲ ಎಂದು ಸುಳ್ಳೇ ಒಂದನ್ನು ಕಟ್ಟಿ ಹೇಳಿದಳು. ಅವರಿಗೆ ಗೊತ್ತಾಯಿತು. ಬೈಯಲಿಲ್ಲ. "ಮಧ್ಯಾಹ್ನ ಊಟ ಮಾಡಿದ್ದೀಯಾ?" ಎಂದು ಕೇಳಿದರು.

ಕೊನೆಯ ಸಲ ಬಂದದ್ದು ಹೋದ ವರ್ಷ. ಮಕ್ಕಳು ದೀಪಸ್ತಂಭದ ಹತ್ತಿರ ಫೋಟೋ ತೆಗೆಯಲು ಹೋಗಿದ್ದರು. ನಾವಿಬ್ಬರು ಕೆಳಗೆ ನೆರಳಿನಲ್ಲಿ ನಿಂತಿದ್ದೆವು. ಅವರು ಸ್ವಲ್ಪ ಸೊರಗಿದ್ದರು. ನಾನು ಕೇಳಲಿಲ್ಲ. ಸಮುದ್ರದ ಕಡೆ ನೋಡುತ್ತಾ ಅವರೇ ಹೇಳಿದರು.

"ಅವತ್ತು ಫೋನಿನಲ್ಲಿ ನನಗೆ ಪಾತ್ರೆಯ ಸದ್ದು ಕೇಳಿತ್ತು."

ಮಕ್ಕಳು ಬರುತ್ತಾರೆಯೇ ಎಂದು ನಾನು ಮೇಲೆ ನೋಡಿದೆ.

"ಸಭೆಯಲ್ಲಿ ಪಾತ್ರೆ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಇನ್ನೊಂದು ಸಲ ಕೇಳಬೇಕಿತ್ತು. ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಬೇಗ ಮುಗಿಸಿ ಹೋಗುವ ಎಂದು ಕಂಡಿತು. ನಂಬಿದೆ." ಕನ್ನಡಕ ಒತ್ತಿದರು. "ಹಾಗಾಗಿ ನಾನು ಆಫೀಸಿನಲ್ಲಿ ಹೇಳಿದ್ದು ಸುಳ್ಳಲ್ಲ. ನಿಮ್ಮದು ನಿಮಗೆ ಬಿಟ್ಟದ್ದು."

ಗಾಳಿ ಜೋರಾಗಿತ್ತು, ಸರಿಯಾಗಿ ಕೇಳಲಿಲ್ಲ ಎಂದು ನಾನು ಹೇಳಿಕೊಳ್ಳಬಹುದು. ಗಾಳಿ ಇರಲಿಲ್ಲ. ಮಕ್ಕಳು ಬಂದರು. ಬಸ್ಸು ಹೋಯಿತು. ನನ್ನ ಕೈಯಲ್ಲಿ ಚಿಕ್ಕಿ ಇತ್ತು.

ಈ ಮಳೆಗಾಲದಲ್ಲಿ ನಿಧನದ ಕಾಲಂನಲ್ಲಿ ಅವರ ಫೋಟೋ ನೋಡಿದೆ. ಕಾರ್ಕಳದ ಹತ್ತಿರದ ಅವರ ಇಗರ್ಜಿಗೆ, ಚರ್ಚಿನ ಶವಸಂಸ್ಕಾರಕ್ಕೆ, ಹೋದೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಮಣ್ಣು ಹಾಕುವಾಗ ನನ್ನ ಹಿಂದೆ ಕೊಡೆ ಹಿಡಿದು ನಿಂತಿದ್ದ ಉಡುಪಿಯ ಒಬ್ಬರು ಪಕ್ಕದವರಿಗೆ ಮೆಲ್ಲ ಹೇಳಿದರು, "ಇವರೇ ಅಲ್ವಾ, ಸತ್ತವರಿಂದ ಭಾಷಣ ಮಾಡಿಸಿದ್ದು?" ಪಕ್ಕದವರು, "ಹೌದಾ, ಇವರಾ?" ಎಂದರು.

ಅವರ ತಾಯಿ ಎರಡು ಹೆಜ್ಜೆ ದೂರದಲ್ಲಿ ಕುರ್ಚಿಯಲ್ಲಿ ಕುಳಿತಿದ್ದರು. ಕೇಳಿಸಿಕೊಂಡರು. ತಿರುಗಿ ನೋಡಲಿಲ್ಲ. ಕೈಯಲ್ಲಿದ್ದ ಜಪಮಾಲೆ ನಿಂತಿತು, ಮತ್ತೆ ಮುಂದೆ ಹೋಯಿತು.

ಒಬ್ಬ ಮನುಷ್ಯ ಇಷ್ಟು ವರ್ಷ ಕಲಿಸಿ, ಇಷ್ಟು ಮಕ್ಕಳಿಗೆ ನೋಡಲು ಹೇಳಿಕೊಟ್ಟು, ಕೊನೆಗೆ ಹೊಂಡದ ಬದಿಯಲ್ಲಿ ಉಳಿಯುವುದು ನನ್ನ ಒಂದು ಸುಳ್ಳು. ಎಲ್ಲ ಮುಗಿದ ಮೇಲೆ ನಾನು ತಾಯಿಯ ಹತ್ತಿರ ಹೋಗಿ ಬಗ್ಗಿದೆ. "ಬಾಯಮ್ಮ, ಆ ಭಾಷಣದ ವಿಷಯ ನಿಮ್ಮ ಮಗಳದ್ದಲ್ಲ. ನಾನು ಅದನ್ನು ಸರಿ ಮಾಡುತ್ತೇನೆ. ಮಣಿಪಾಲದಲ್ಲಿ ಸಭೆ ಉಂಟು. ಪೇಪರಿನಲ್ಲಿ ಬರುತ್ತದೆ."

ಅವರು, "ಬರಲಿ" ಎಂದರು. ನಾನು ಯಾರು ಎಂದು ಕೇಳಲಿಲ್ಲ. ನಂಬರು ಮಾತ್ರ ಬರೆಸಿಕೊಂಡರು.

ವಿದ್ಯಾರ್ಥಿಗಳು ಏರ್ಪಡಿಸಿದ ನುಡಿನಮನ ಅದು. ಹಿರಿಯ ಪತ್ರಕರ್ತರು ಎಂದು ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದ್ದರು. ಕಾರ್ಡಿನಲ್ಲಿ ಹೆಸರು ಇತ್ತು. ಬಾಗಿಲಲ್ಲಿ ಹೂವಿನ ಬದಲು ಚಿಕ್ಕಿ ಹಂಚುತ್ತಿದ್ದರು. ದೀಪ ಹಚ್ಚುವಾಗ ಪೇಪರಿನವರು ಫೋಟೋ ತೆಗೆದು, ಬೇರೆ ಕಾರ್ಯಕ್ರಮ ಉಂಟು ಎಂದು ಹೊರಟರು. ಕಾರ್ಡಿನ ಒಂದು ಪ್ರತಿ ಅವರ ಕೈಯಲ್ಲಿತ್ತು. ನಾನು ಗಮನಿಸಿದೆ, ಆದರೆ ಆಗ ತಲೆಗೆ ಹೋಗಲಿಲ್ಲ.

ನನ್ನ ಸರದಿ ಬಂದಾಗ ಎಲ್ಲವನ್ನೂ ಹೇಳಿದೆ. ಕಾರ್ಡು, ಫೋನು, ಮೇಷ್ಟ್ರು, ಆಫೀಸಿನಲ್ಲಿ ನಾನು ಆಡಿದ ಎರಡು ವಾಕ್ಯ. ಹೇಳುವಾಗ ಮೈಕಿನ ಕಂಬ ಹಿಡಿದುಕೊಂಡಿದ್ದೆ. ಮುಗಿಸಿದೆ. ಒಂದು ಕುರ್ಚಿ ಕಿರ್ರೆಂದಿತು. ನಿರೂಪಣೆಯ ಹುಡುಗಿ ಕೈಯಲ್ಲಿದ್ದ ಕಾಗದ ನೋಡಿ, "ಅಧ್ಯಕ್ಷೀಯ ನುಡಿಗಳನ್ನಾಡಿದ ಸರ್‌ಗೆ ಧನ್ಯವಾದಗಳು. ಈಗ ವಂದನಾರ್ಪಣೆ" ಎಂದಳು. ಅವಳ ಧ್ವನಿ ಸರಿ ಇರಲಿಲ್ಲ. ಆದರೆ ಕಾಗದದಲ್ಲಿ ಇದ್ದದ್ದು ಅದೇ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಪೇಪರ್ ಬಿಚ್ಚಿದೆ. ಸುದ್ದಿ ಬಂದಿತ್ತು, ಫೋಟೋ ಕೂಡ. "ಅಧ್ಯಕ್ಷತೆ ವಹಿಸಿದ ಹಿರಿಯ ಪತ್ರಕರ್ತರು ಮಾತನಾಡಿ, ಅಗಲಿದವರ ಆದರ್ಶಗಳನ್ನು ವಿದ್ಯಾರ್ಥಿಗಳು ಮೈಗೂಡಿಸಿಕೊಳ್ಳಬೇಕು ಎಂದರು." ಕೆಳಗೆ ಸ್ವಾಗತಿಸಿದವರ, ವಂದಿಸಿದವರ, ನಿರೂಪಿಸಿದವರ ಹೆಸರು. ಒಂದೂ ಬಿಟ್ಟಿರಲಿಲ್ಲ. ಮಧ್ಯಾಹ್ನವೇ ಬರೆದಿಟ್ಟದ್ದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಹತ್ತು ಗಂಟೆಗೆ ಕಾರ್ಕಳದಿಂದ ಫೋನ್ ಬಂತು. "ಪೇಪರ್ ನೋಡಿದೆ" ಎಂದರು ತಾಯಿ. "ಒಳ್ಳೆಯ ಮಾತು ಹೇಳಿದ್ದೀರಿ. ಆದರೆ ಆ ವಿಷಯ ಕಾಣಲಿಲ್ಲ. ನನ್ನ ಕನ್ನಡಕ ಹಳೆಯದು. ಬೇರೆ ಪುಟದಲ್ಲಿ ಉಂಟಾ?"

ಇಲ್ಲ ಎಂದೆ.

ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. ಒಬ್ಬ ಹುಡುಗ ಎತ್ತಿದ, ಬಹಳ ಮರ್ಯಾದೆಯವನು. ನಾನು ಹಾಗೆ ಹೇಳಲಿಲ್ಲ, ಬೇರೆ ಹೇಳಿದ್ದು ಎಂದೆ.

"ಸರ್, ಬೇಜಾರು ಮಾಡಬೇಡಿ. ಒಳ್ಳೆಯದೇ ಹಾಕಿದ್ದೇವೆ ಅಲ್ವಾ?"

"ಒಳ್ಳೆಯದು ಹೌದು. ನಾನು ಹೇಳಿದ್ದಲ್ಲ."

"ಹಾಗಾದರೆ ನೀವೇ ಬರೆದು ಕಳಿಸಿ ಸರ್. ಜಾಗ ಇದ್ದರೆ ನೋಡುವ."

ಜಾಗ ಇರುವುದಿಲ್ಲ ಎಂದು ನನಗೆ ಗೊತ್ತು. ಅವರ ವಿದ್ಯಾರ್ಥಿಗಳು ಅವರ ನೆನಪಿಗೆ ಒಂದು ಪುಸ್ತಕ ತರುತ್ತಿದ್ದಾರೆ. ಸಭೆಯಲ್ಲಿ ಕೊನೆಯವರೆಗೆ ಕುಳಿತವರು ಅವರೇ. ಅವರಿಗಾಗಿ ಬರೆಯಲು ಕುಳಿತೆ.

ಇಲ್ಲಿಯವರೆಗೆ ಬರೆದದ್ದನ್ನು ಹಿಡಿದುಕೊಂಡು ನಿನ್ನೆ ಬಸ್ಸಿನಲ್ಲಿ ಕಾರ್ಕಳದ ಕಡೆ ಹೋದೆ. ನಿಟ್ಟೆಯವರೆಗೆ ಕಾಲೇಜಿನ ಮಕ್ಕಳು, ಕೂರಲು ಜಾಗ ಇರಲಿಲ್ಲ. ತಾಯಿ ಚಾವಡಿಯಲ್ಲಿ ಕುಳಿತಿದ್ದರು, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು. ನಾನು ಯಾರೆಂದು ಹೇಳಿದೆ. ಓದಿ ಹೇಳುತ್ತೇನೆ ಎಂದೆ. ಆಗಲಿ ಎಂದರು.

ಓದಿದೆ. ನಡುವೆ ಎರಡು ಕಡೆ ನಿಲ್ಲಿಸಬೇಕಾಯಿತು. ಅವರು ಅವಸರ ಮಾಡಲಿಲ್ಲ. ಮುಗಿದ ಮೇಲೆ ಮೊಣಕಾಲಿನ ಬಟ್ಟೆ ಬಿಚ್ಚಿ ಮತ್ತೆ ಸುತ್ತಿಕೊಂಡರು. ಬೈಯುತ್ತಾರೆ ಎಂದು ಕಾದೆ. ಕ್ಷಮಿಸಿದೆ ಎನ್ನುತ್ತಾರೆಯೋ ಎಂದೂ, ಸುಳ್ಳು ಯಾಕೆ ಹೇಳಲಿ, ಕಾದೆ.

ಅವರು ಕೇಳಿದರು, "ಆ ಸಂಜೆ ಹೆಜಮಾಡಿಯಲ್ಲಿ ಒಂದು ಮನೆಯಲ್ಲಿದ್ದೆ ಎಂದು ಬರೆದಿದ್ದೀರಿ. ಅಲ್ಲಿ ಎಂತ ಇತ್ತು?"

"ನೆಂಟರ ಮನೆ, ಬಾಯಮ್ಮ. ಮರುದಿನ ಮದುವೆ. ಮದರಂಗಿ ಇತ್ತು."

"ನೀವು ಎಂತ ಮಾಡುತ್ತಾ ಇದ್ದಿರಿ?"

"ಊಟ."

"ಎಂತ ಊಟ?"

"ಕೋರಿ ರೊಟ್ಟಿ."

ಅವರು ತಲೆಯಾಡಿಸಿದರು. "ಅದು ಇದರಲ್ಲಿ ಇಲ್ಲವಲ್ಲ. ಅದನ್ನೂ ಬರೆಯಿರಿ."

ಬರೆಯುತ್ತಿದ್ದೇನೆ. ಅಂಗಳದಲ್ಲಿ ಚಪ್ಪರ ಹಾಕಿದ್ದರು. ಫೋನು ಚಾವಡಿಯ ಮೇಜಿನ ಮೇಲಿತ್ತು. ತಟ್ಟೆಯನ್ನು ಅಲ್ಲಿಯೇ ಇಟ್ಟುಕೊಂಡಿದ್ದೆ. ಎಡಗೈಯಲ್ಲಿ ರಿಸೀವರು, ಬಲಗೈ ಕೋಳಿ ಸಾರಿನಲ್ಲಿ. ಚೀಟಿಯನ್ನು ಲೋಟದ ಅಡಿಯಲ್ಲಿ ಒತ್ತಿಟ್ಟು ಓದಿದೆ. ವಂದಿಸಿದವರ ಹೆಸರು ಹೇಳಿ ಮುಗಿಸುವ ಹೊತ್ತಿಗೆ ಬಡಿಸುವವನು ಬಂದು, ಇನ್ನೂ ರೊಟ್ಟಿ ಬೇಕಾ ಎಂದು ಕೇಳಿದ. ಆ ಕಡೆಯಿಂದ ಅವರು, ನೀವು ನೋಡಿದ್ದೀರಾ ಎಂದು ಕೇಳಿದರು. ಇಬ್ಬರಿಗೂ ಸೇರಿಸಿ ಒಮ್ಮೆ ಹೌದು ಎಂದೆ.